ದೂರು ಮೊದಲು ಯಾರ ಕಿವಿಗೆ ಬೀಳುತ್ತದೆ: ಅಮೆರಿಕದ ಕಾಲೇಜು ಕ್ರೀಡೆ, ಲೈಂಗಿಕ ದೌರ್ಜನ್ಯ ಮತ್ತು ವಿಶ್ವವಿದ್ಯಾಲಯಗಳ ನಡೆ

2014ರ ಏಪ್ರಿಲ್‌ನಲ್ಲಿ ಅಮೆರಿಕದ ಮಿಶಿಗನ್ ಸ್ಟೇಟ್ ವಿಶ್ವವಿದ್ಯಾಲಯಕ್ಕೆ ಒಂದು ದೂರು ಬಂತು. ಆಗಷ್ಟೇ ಓದು ಮುಗಿಸಿದ್ದ ಯುವತಿಯೊಬ್ಬರು ಸೊಂಟದ ನೋವಿಗೆ ಚಿಕಿತ್ಸೆ ಪಡೆಯಲು ಹೋಗಿದ್ದರು. ಅಲ್ಲಿನ ಕ್ರೀಡಾ ವೈದ್ಯ ಲ್ಯಾರಿ ನಾಸರ್ ಚಿಕಿತ್ಸೆಯ ನೆಪದಲ್ಲಿ ತನ್ನ ಮೇಲೆ ಲೈಂಗಿಕ ದೌರ್ಜನ್ಯ ನಡೆಸಿದ ಎಂದು ಅವರು ಹೇಳಿದರು. ವಿಶ್ವವಿದ್ಯಾಲಯ ದೂರು ತೆಗೆದುಕೊಂಡಿತು. ತನಿಖೆಗೆ ಒಬ್ಬರನ್ನು ನೇಮಿಸಿತು. ವೈದ್ಯಕೀಯ ತಜ್ಞರ ಅಭಿಪ್ರಾಯವನ್ನೂ ಕೇಳಿತು. ಮೂರು ತಿಂಗಳ ನಂತರ ತೀರ್ಮಾನ ಬಂತು: ಇದು ದೌರ್ಜನ್ಯವಲ್ಲ, ವೈದ್ಯಕೀಯ ವಿಧಾನ. ಇವೆರಡರ ನಡುವಿನ ಸೂಕ್ಷ್ಮ ವ್ಯತ್ಯಾಸ ದೂರುದಾರರಿಗೆ ಅರ್ಥವಾಗಿಲ್ಲ.

ಆ ತಜ್ಞರು ಯಾರು? ಎಲ್ಲರೂ ಅದೇ ವಿಶ್ವವಿದ್ಯಾಲಯದ ನಂಟಿರುವವರು, ನಾಸರ್‌ನನ್ನು ಬಲ್ಲವರು. ವರದಿಯೂ ಒಂದಲ್ಲ, ಎರಡು ರೂಪದಲ್ಲಿ ತಯಾರಾಗಿತ್ತು. ದೂರುದಾರರಿಗೆ ಕೊಟ್ಟ ಪ್ರತಿಯಲ್ಲಿ ಇಲ್ಲದ ಮಾತೊಂದು ಒಳಗಿಟ್ಟುಕೊಂಡ ಪ್ರತಿಯಲ್ಲಿತ್ತು. ಈ ಚಿಕಿತ್ಸಾ ವಿಧಾನದಿಂದ ರೋಗಿಗಳಿಗೆ ಆಘಾತವಾಗಬಹುದು, ಸಂಸ್ಥೆಗೂ ತೊಂದರೆ ಬರಬಹುದು ಎಂಬ ಎಚ್ಚರಿಕೆ ಅದು. ಮುಂದೆ ಇಂಥ ಚಿಕಿತ್ಸೆ ಮಾಡುವಾಗ ಕೋಣೆಯಲ್ಲಿ ಇನ್ನೊಬ್ಬರು ಇರಬೇಕು, ಕೈಗವಸು ಹಾಕಬೇಕು ಎಂದು ಡೀನ್ ಕೆಲವು ಷರತ್ತು ಹಾಕಿದರು. ಆದರೆ ಅದನ್ನು ಪಾಲಿಸುತ್ತಿದ್ದಾನಾ ಎಂದು ಯಾರೂ ನೋಡಲಿಲ್ಲ. ನಾಸರ್ ಮತ್ತೆ ಎರಡು ವರ್ಷ ಅಲ್ಲೇ ಕೆಲಸ ಮಾಡಿದ.

2016ರ ಸೆಪ್ಟೆಂಬರ್‌ನಲ್ಲಿ ರೇಚಲ್ ಡೆನ್‌ಹಾಲಂಡರ್ ಎಂಬ ಮಾಜಿ ಜಿಮ್ನಾಸ್ಟ್ 'ಇಂಡಿಯಾನಾಪೊಲಿಸ್ ಸ್ಟಾರ್' ಪತ್ರಿಕೆಗೆ ತಮ್ಮ ಹೆಸರು ಹೇಳಿಕೊಂಡೇ ಮಾತಾಡಿದರು. ಆಮೇಲೆ ಒಬ್ಬರ ಹಿಂದೆ ಒಬ್ಬರಂತೆ ನೂರಾರು ಮಂದಿ ಮುಂದೆ ಬಂದರು. 2018ರ ಜನವರಿಯಲ್ಲಿ ನ್ಯಾಯಾಧೀಶೆ ರೋಸ್‌ಮೇರಿ ಅಕ್ವಿಲಿನಾ ಅವರ ಕೋರ್ಟಿನಲ್ಲಿ 156 ಹೇಳಿಕೆಗಳು ದಾಖಲಾದವು. ನಾಸರ್‌ಗೆ 40ರಿಂದ 175 ವರ್ಷಗಳ ಜೈಲು ಶಿಕ್ಷೆಯಾಯಿತು. ಅದೇ ದಿನ ವಿಶ್ವವಿದ್ಯಾಲಯದ ಅಧ್ಯಕ್ಷೆ ಲೂ ಆನ್ನಾ ಸೈಮನ್ ರಾಜೀನಾಮೆ ಕೊಟ್ಟರು. ಮೇ ತಿಂಗಳಲ್ಲಿ ಸಂಸ್ಥೆ 332 ಸಂತ್ರಸ್ತರೊಂದಿಗೆ, ಮುಂದೆ ಬರಬಹುದಾದವರಿಗೂ ಒಂದು ಪಾಲು ತೆಗೆದಿಟ್ಟು, 50 ಕೋಟಿ ಡಾಲರ್‌ಗಳ ಒಪ್ಪಂದ ಮಾಡಿಕೊಂಡಿತು.

ಇಂಥ ಸುದ್ದಿ ಓದಿದಾಗ ನಮಗೆ ಮೊದಲು ಬರುವ ಪ್ರಶ್ನೆ, 'ಅಲ್ಲಿ ಕಾನೂನೇ ಇಲ್ವಾ?' ಎಂಬುದು. ಇದೆ, ಬೇಕಾದಷ್ಟು ಇದೆ. ನನ್ನ ಪ್ರಕಾರ ಈ ಪ್ರಕರಣಗಳ ತಿರುಳು ಬೇರೆ ಕಡೆ ಇದೆ. ದೂರು ಮೊದಲು ಯಾರ ಕಿವಿಗೆ ಬೀಳುತ್ತದೆ? ಅವರು ಅದನ್ನು ಯಾರಿಗೆ ದಾಟಿಸುತ್ತಾರೆ, ಯಾರಿಗೆ ದಾಟಿಸುವುದಿಲ್ಲ? ಮಿಶಿಗನ್ ಸ್ಟೇಟ್, ಬೇಲರ್, ಪೆನ್ ಸ್ಟೇಟ್, ಒಹಾಯೋ ಸ್ಟೇಟ್ ವಿಶ್ವವಿದ್ಯಾಲಯಗಳೆಲ್ಲ ಎಡವಿದ್ದು ಈ ದಾರಿಯಲ್ಲೇ.

ಕ್ರೀಡಾ ವಿಭಾಗ ಯಾಕೆ ಬೇರೆ

ಅಮೆರಿಕದಲ್ಲಿ ಕಾಲೇಜು ಕ್ರೀಡೆ ಎಂದರೆ ನಮ್ಮ ಅಂತರಕಾಲೇಜು ಪಂದ್ಯಗಳ ಹಾಗಲ್ಲ. ಮಿಶಿಗನ್ ವಿಶ್ವವಿದ್ಯಾಲಯದ (ಇದು ಮಿಶಿಗನ್ ಸ್ಟೇಟ್ ಅಲ್ಲ, ಬೇರೆ ಸಂಸ್ಥೆ) ಫುಟ್‌ಬಾಲ್ ಸ್ಟೇಡಿಯಂನಲ್ಲಿ 1,07,601 ಜನ ಕೂರಬಹುದು. ನಮ್ಮ ಚಿನ್ನಸ್ವಾಮಿ ಕ್ರೀಡಾಂಗಣ ಎರಡು ಸಲ ಭರ್ತಿಯಾದರೂ ಅಷ್ಟು ಜನ ಆಗುವುದಿಲ್ಲ. 2022ರಲ್ಲಿ 'ಬಿಗ್ ಟೆನ್' ಎಂಬ ವಿಶ್ವವಿದ್ಯಾಲಯಗಳ ಕೂಟ ಏಳು ವರ್ಷಗಳ ಟಿವಿ ಪ್ರಸಾರದ ಹಕ್ಕನ್ನು ಸುಮಾರು 700 ಕೋಟಿ ಡಾಲರ್‌ಗೆ ಮಾರಿತು. ಹೆಚ್ಚಿನ ರಾಜ್ಯಗಳಲ್ಲಿ ಅತಿ ಜಾಸ್ತಿ ಸಂಬಳ ಪಡೆಯುವ ಸರ್ಕಾರಿ ನೌಕರ ಯಾರು ಗೊತ್ತಾ? ಗವರ್ನರ್ ಅಲ್ಲ, ಫುಟ್‌ಬಾಲ್ ಅಥವಾ ಬ್ಯಾಸ್ಕೆಟ್‌ಬಾಲ್ ಕೋಚ್.

ಇಷ್ಟು ದುಡ್ಡು ಓಡಾಡುವ ಜಾಗ ಸಹಜವಾಗಿಯೇ ವಿಶ್ವವಿದ್ಯಾಲಯದೊಳಗೆ ಇನ್ನೊಂದು ಸಂಸ್ಥೆಯಾಗಿ ಬೆಳೆಯುತ್ತದೆ. ಆಟಗಾರರಿಗೆ ಪ್ರತ್ಯೇಕ ಟ್ಯೂಟರ್, ಪ್ರತ್ಯೇಕ ಡಾಕ್ಟರ್, ಪ್ರತ್ಯೇಕ ಊಟದ ಹಾಲ್. ಏನೇ ತೊಂದರೆಯಾದರೂ ಮೊದಲು ಹೋಗುವುದು ಕೋಚ್ ಹತ್ತಿರ. ಹದಿನೆಂಟು ವರ್ಷದ ಹುಡುಗ ಅಥವಾ ಹುಡುಗಿಗೆ ಕೋಚ್ ಎಂದರೆ ವಿದ್ಯಾರ್ಥಿವೇತನ, ತಂಡದಲ್ಲಿ ಜಾಗ, ಮುಂದಿನ ವೃತ್ತಿಜೀವನ ಎಲ್ಲವೂ. ಆರೋಪ ಒಬ್ಬ ಆಟಗಾರನ ಮೇಲೆ ಬಂದರೂ, ತಂಡದ ಡಾಕ್ಟರ್ ಮೇಲೆ ಬಂದರೂ, ಅದು ಮೊದಲು ಮುಟ್ಟುವುದು ಗೆಲುವು ಸೋಲು ಲೆಕ್ಕ ಹಾಕುವವರನ್ನೇ.

ಬೇಲರ್ ವಿಶ್ವವಿದ್ಯಾಲಯದ ಕಥೆ ಇದಕ್ಕೆ ಅತ್ಯಂತ ಸ್ಪಷ್ಟ ಉದಾಹರಣೆ. ಟೆಕ್ಸಸ್‌ನ ವೇಕೊ ಊರಿನಲ್ಲಿರುವ ಇದು ಬ್ಯಾಪ್ಟಿಸ್ಟ್ ಕ್ರೈಸ್ತರ ಸಂಸ್ಥೆ. ವರ್ಷಗಟ್ಟಲೆ ಸೋಲುತ್ತಿದ್ದ ಅದರ ಫುಟ್‌ಬಾಲ್ ತಂಡ, ಆರ್ಟ್ ಬ್ರೈಲ್ಸ್ ಕೋಚ್ ಆಗಿ ಬಂದ ಮೇಲೆ ಗೆಲ್ಲತೊಡಗಿತು. 2013 ಮತ್ತು 2014ರಲ್ಲಿ 'ಬಿಗ್ 12' ಕೂಟದ ಪ್ರಶಸ್ತಿ ಬಂತು. ನದಿ ದಡದಲ್ಲಿ ಹೊಸ ಸ್ಟೇಡಿಯಂ ಎದ್ದಿತು. ಇದೇ ಕಾಲದಲ್ಲಿ, 2014ರ ಜನವರಿಯಲ್ಲಿ, ತಂಡದ ಮಾಜಿ ಆಟಗಾರನೊಬ್ಬನಿಗೆ ಅತ್ಯಾಚಾರ ಪ್ರಕರಣದಲ್ಲಿ 20 ವರ್ಷ ಶಿಕ್ಷೆಯಾಯಿತು. ಕೋರ್ಟಿನಲ್ಲಿ ಅವನ ವಿರುದ್ಧ ಒಬ್ಬರಿಗಿಂತ ಹೆಚ್ಚು ಮಹಿಳೆಯರು ಸಾಕ್ಷಿ ಹೇಳಿದ್ದರು. ಇಂಥ ದೂರುಗಳನ್ನು ನೋಡಿಕೊಳ್ಳಲೆಂದೇ ಪೂರ್ಣಾವಧಿ ಅಧಿಕಾರಿಯನ್ನು ಬೇಲರ್ ನೇಮಿಸಿದ್ದು 2014ರ ನವೆಂಬರ್‌ನಲ್ಲಿ. ಇಂಥ ದೂರುಗಳಿಗೆ ಅನ್ವಯಿಸುವ 'ಟೈಟಲ್ ನೈನ್' ಕಾನೂನು ಬಂದು ಆಗಲೇ 42 ವರ್ಷ ಆಗಿತ್ತು.

ಕೊನೆಗೆ ಬೇಲರ್ 'ಪೆಪ್ಪರ್ ಹ್ಯಾಮಿಲ್ಟನ್' ಎಂಬ ವಕೀಲರ ಸಂಸ್ಥೆಯಿಂದ ತನಿಖೆ ಮಾಡಿಸಿತು. 2016ರ ಮೇನಲ್ಲಿ ಸಾರಾಂಶವೊಂದು ಹೊರಬಂತು. ಫುಟ್‌ಬಾಲ್ ವಿಭಾಗದವರು ದೂರುಗಳನ್ನು ಸರಿಯಾದ ಕಚೇರಿಗೆ ಕಳಿಸದೆ ತಾವೇ ವಿಚಾರಣೆ ಮಾಡಿದ್ದರು. ಅದಕ್ಕೆ ಬೇಕಾದ ತರಬೇತಿ ಅವರಿಗೆ ಇರಲಿಲ್ಲ. ದೂರು ಕೊಟ್ಟವರ ಮಾತನ್ನೇ ಅನುಮಾನಿಸಿ ಬದಿಗೆ ಸರಿಸಿದ್ದರು. ಫುಟ್‌ಬಾಲ್‌ಗೆ ನಿಯಮ ಅನ್ವಯಿಸುವುದಿಲ್ಲ ಎಂಬ ಭಾವನೆ ಕ್ಯಾಂಪಸ್‌ನಲ್ಲಿ ಬೆಳೆದಿತ್ತು. ಒಂದು ಪ್ರಕರಣದಲ್ಲಂತೂ ಆಡಳಿತದವರ ನಡೆ ದೂರುದಾರರ ಮೇಲೆ ಸೇಡು ತೀರಿಸಿಕೊಂಡಂತೆಯೇ ಇತ್ತು ಎಂದು ವರದಿ ಹೇಳಿತು.

ಇಲ್ಲಿ ಇನ್ನೊಂದು ವಿಷಯವನ್ನು ಬಿಡುವ ಹಾಗಿಲ್ಲ. ಆಗ ಬೇಲರ್‌ನಲ್ಲಿ ಕುಡಿತಕ್ಕೆ ಕಟ್ಟುನಿಟ್ಟು, ಮದುವೆಗೆ ಮುಂಚಿನ ಸಂಬಂಧಕ್ಕೆ ನಿಷೇಧ ಇತ್ತು. ಪಾರ್ಟಿಗೆ ಹೋಗಿದ್ದಾಗ ದೌರ್ಜನ್ಯಕ್ಕೆ ಒಳಗಾದ ಹುಡುಗಿ ದೂರು ಕೊಟ್ಟರೆ ಮೊದಲು ತನ್ನ ತಪ್ಪನ್ನೇ ಒಪ್ಪಿಕೊಳ್ಳಬೇಕಾಗುತ್ತಿತ್ತು. ಶಿಸ್ತಿನ ನಿಯಮಗಳು ಹೀಗೆ ಬಾಯಿ ಮುಚ್ಚಿಸುವ ಸಾಧನವಾಗುತ್ತವೆ. ನಮ್ಮ ಹಾಸ್ಟೆಲ್‌ಗಳ 'ಯಾಕೆ ಅಷ್ಟು ಹೊತ್ತಿಗೆ ಹೊರಗಿದ್ದೆ?' ಎಂಬ ಪ್ರಶ್ನೆ ಮಾಡುವ ಕೆಲಸವೂ ಇದೇ ಅಲ್ವಾ?

ಬ್ರೈಲ್ಸ್ ಕೆಲಸ ಕಳೆದುಕೊಂಡರು. ವಿಶ್ವವಿದ್ಯಾಲಯದ ಅಧ್ಯಕ್ಷ ಕೆನ್ ಸ್ಟಾರ್ ಅವರನ್ನು ಆ ಹುದ್ದೆಯಿಂದ ತೆಗೆದರು. ಅಧ್ಯಕ್ಷ ಕ್ಲಿಂಟನ್ ಮೇಲೆ ತನಿಖೆ ನಡೆಸಿ ಹೆಸರಾಗಿದ್ದ ಅದೇ ಸ್ಟಾರ್. ಆದರೆ ಪೂರ್ಣ ವರದಿ ಎಂಬುದು ಬರಹಕ್ಕೆ ಇಳಿಯಲೇ ಇಲ್ಲ. ವಕೀಲರು ಆಡಳಿತ ಮಂಡಳಿಗೆ ಬಾಯಿಮಾತಿನಲ್ಲಿ ವಿವರಿಸಿದರು. ಜನರ ಕೈಗೆ ಸಿಕ್ಕಿದ್ದು 13 ಪುಟಗಳ ಸಾರಾಂಶ ಮಾತ್ರ.

ಕಾನೂನು ಏನು ಹೇಳುತ್ತದೆ

ಮುಖ್ಯ ಕಾನೂನಿನ ಹೆಸರು 'ಟೈಟಲ್ ನೈನ್'. 1972ರ ಜೂನ್ 23ರಂದು ಜಾರಿಗೆ ಬಂತು. ಕೇಂದ್ರ ಸರ್ಕಾರದ ಹಣ ಪಡೆಯುವ ಯಾವುದೇ ಶಿಕ್ಷಣ ಸಂಸ್ಥೆ ಲಿಂಗದ ಆಧಾರದ ಮೇಲೆ ತಾರತಮ್ಯ ಮಾಡುವಂತಿಲ್ಲ ಎನ್ನುವುದಷ್ಟೇ ಅದರ ಸಾರ. ಹುಡುಗಿಯರಿಗೆ ಕ್ರೀಡೆಯಲ್ಲಿ ಅವಕಾಶ ಸಿಕ್ಕಿದ್ದು ಇದರಿಂದಲೇ. ಲೈಂಗಿಕ ಕಿರುಕುಳ ಮತ್ತು ದೌರ್ಜನ್ಯವೂ ತಾರತಮ್ಯವೇ, ಯಾಕೆಂದರೆ ಅದು ಓದುವ ಅವಕಾಶವನ್ನೇ ಕಿತ್ತುಕೊಳ್ಳುತ್ತದೆ ಎಂದು ಕೋರ್ಟುಗಳು ಮುಂದೆ ಹೇಳಿದವು. ಜೊತೆಗೆ 1990ರ 'ಕ್ಲೆರಿ ಕಾಯಿದೆ' ಇದೆ. 1986ರಲ್ಲಿ ಲೀಹೈ ವಿಶ್ವವಿದ್ಯಾಲಯದ ಹಾಸ್ಟೆಲ್ ಕೋಣೆಯಲ್ಲಿ ಕೊಲೆಯಾದ ಜೀನ್ ಕ್ಲೆರಿ ಎಂಬ ವಿದ್ಯಾರ್ಥಿನಿಯ ತಂದೆ ತಾಯಿ ಹೋರಾಡಿ ತಂದ ಕಾನೂನು ಅದು. ಕ್ಯಾಂಪಸ್‌ನಲ್ಲಿ ನಡೆದ ಅಪರಾಧಗಳ ಲೆಕ್ಕವನ್ನು ಪ್ರತಿ ವರ್ಷ ಬಹಿರಂಗಪಡಿಸಬೇಕು ಎಂದು ಅದು ಹೇಳುತ್ತದೆ. ನಾಸರ್ ಪ್ರಕರಣದ ನಂತರ ಇದೇ ಕಾಯಿದೆಯಡಿ ಮಿಶಿಗನ್ ಸ್ಟೇಟ್‌ಗೆ 45 ಲಕ್ಷ ಡಾಲರ್ ದಂಡ ಬಿತ್ತು.

ಸಂತ್ರಸ್ತರು ವಿಶ್ವವಿದ್ಯಾಲಯದ ಮೇಲೆ ಪರಿಹಾರಕ್ಕೆ ದಾವೆ ಹೂಡಬಹುದು. ಆದರೆ 1998 ಮತ್ತು 1999ರ ಎರಡು ತೀರ್ಪುಗಳಲ್ಲಿ ಸುಪ್ರೀಂ ಕೋರ್ಟ್ ಒಂದು ಎತ್ತರದ ಗೆರೆ ಎಳೆಯಿತು. ಕ್ರಮ ಕೈಗೊಳ್ಳುವ ಅಧಿಕಾರ ಇದ್ದ ವ್ಯಕ್ತಿಗೆ ವಿಷಯ ನಿಜವಾಗಿ ಗೊತ್ತಿತ್ತು ಎಂದು ತೋರಿಸಬೇಕು. ಗೊತ್ತಿದ್ದೂ ಬೇಕೆಂದೇ ಕಡೆಗಣಿಸಿದರು ಎಂದು ತೋರಿಸಬೇಕು. 'ಗೊತ್ತಿರಬೇಕಿತ್ತು' ಎಂದರೆ ಸಾಲದು.

ಇದರ ಪರಿಣಾಮ ನೋಡಿ. ಅಧ್ಯಕ್ಷರ ಮೇಜಿಗೆ ದೂರು ತಲುಪದಿದ್ದರೆ ಸಂಸ್ಥೆ ಕೋರ್ಟಿನಲ್ಲಿ ಹೆಚ್ಚು ಸುರಕ್ಷಿತ. ಕೋಚ್ ತನ್ನ ಹಂತದಲ್ಲೇ ಮುಗಿಸಿಬಿಟ್ಟರೆ, ಸಹಾಯಕನೊಬ್ಬ ಕೇಳಿಸಿಕೊಂಡು ಸುಮ್ಮನಾದರೆ, ಮೇಲಿನವರು 'ನಮಗೆ ತಿಳಿದಿರಲಿಲ್ಲ' ಎನ್ನಬಹುದು. ದೂರನ್ನು ಮೇಲಕ್ಕೆ ಕಳಿಸುವವರಿಗಿಂತ ಕೆಳಗೇ ಅದುಮಿಡುವವರಿಗೆ ಕಾನೂನಿನ ಈ ಗೆರೆಯೇ ಅನುಕೂಲ ಮಾಡಿಕೊಡುತ್ತದೆ. ಇದು ನನಗೆ ಬಹಳ ಬೇಸರ ತರಿಸುವ ಸಂಗತಿ. ಕೆಲವು ಕೋರ್ಟುಗಳು ಇದನ್ನು ಸ್ವಲ್ಪ ಸಡಿಲಿಸಿವೆ. ಕೊಲರಾಡೊ ವಿಶ್ವವಿದ್ಯಾಲಯದಲ್ಲಿ ತಂಡಕ್ಕೆ ಸೇರಿಸಿಕೊಳ್ಳಲು ಕರೆಸಿದ್ದ ಹುಡುಗರು 2001ರ ಡಿಸೆಂಬರ್‌ನ ಒಂದು ರಾತ್ರಿ ದೌರ್ಜನ್ಯ ನಡೆಸಿದರು ಎಂಬ ಮೊಕದ್ದಮೆಯಲ್ಲಿ 2007ರಲ್ಲಿ ಮೇಲ್ಮನವಿ ಕೋರ್ಟ್ ಬೇರೆ ಮಾತು ಹೇಳಿತು. ಇಂಥ ಅಪಾಯ ಇದೆ ಎಂದು ಮೊದಲೇ ಗೊತ್ತಿದ್ದೂ ಆ ಪದ್ಧತಿ ಮುಂದುವರಿಸಿದ್ದರೆ ಸಂಸ್ಥೆ ಹೊಣೆಯಾಗಬಹುದು ಎಂದಿತು. ವಿಶ್ವವಿದ್ಯಾಲಯ 28.5 ಲಕ್ಷ ಡಾಲರ್ ಕೊಟ್ಟು ರಾಜಿ ಮಾಡಿಕೊಂಡಿತು.

ಸಂಸ್ಥೆಯ ಒಳಗಿನ ವಿಚಾರಣೆ ಹೇಗೆ ನಡೆಯಬೇಕು ಎಂಬ ನಿಯಮ ಸರ್ಕಾರ ಬದಲಾದಂತೆ ಬದಲಾಗಿದೆ. 2011ರಲ್ಲಿ ಒಬಾಮ ಸರ್ಕಾರ ಎಲ್ಲ ವಿಶ್ವವಿದ್ಯಾಲಯಗಳಿಗೆ ಪತ್ರ ಬರೆದು ದೂರುಗಳನ್ನು ಬೇಗ, ಗಂಭೀರವಾಗಿ ವಿಚಾರಿಸಿ ಎಂದಿತು. ಕ್ರಿಮಿನಲ್ ಕೋರ್ಟಿನಷ್ಟು ಗಟ್ಟಿ ಪುರಾವೆ ಬೇಡ, 'ನಡೆದಿರುವ ಸಾಧ್ಯತೆಯೇ ಜಾಸ್ತಿ' ಎಂದು ಕಂಡರೆ ಸಾಕು ಎಂಬ ಅಳತೆ ಕೊಟ್ಟಿತು. 2017ರಲ್ಲಿ ಟ್ರಂಪ್ ಸರ್ಕಾರ ಆ ಪತ್ರ ಹಿಂಪಡೆಯಿತು. 2020ರಲ್ಲಿ ಹೊಸ ನಿಯಮ ತಂದಿತು. 2024ರಲ್ಲಿ ಬೈಡನ್ ಸರ್ಕಾರ ಅದನ್ನು ಬದಲಿಸಿತು. 2025ರ ಜನವರಿಯಲ್ಲಿ ಕೆಂಟಕಿಯ ಫೆಡರಲ್ ಕೋರ್ಟ್ ಬೈಡನ್ ನಿಯಮವನ್ನು ರದ್ದು ಮಾಡಿತು. ಹೀಗೆ ಮತ್ತೆ 2020ರ ನಿಯಮವೇ ಜಾರಿಗೆ ಬಂತು.

ಅದರ ಪ್ರಕಾರ ನಡೆಯುವುದು ಹೀಗೆ. ಟೈಟಲ್ ನೈನ್ ಸಂಯೋಜಕರು ಎಂಬ ಅಧಿಕಾರಿಗೆ ವಿಷಯ ತಲುಪಿದ ಕೂಡಲೇ ಅವರು ದೂರುದಾರರನ್ನು ಸಂಪರ್ಕಿಸಬೇಕು. ಔಪಚಾರಿಕ ದೂರು ಕೊಡದಿದ್ದರೂ ಕೆಲವು ನೆರವು ಸಿಗಬೇಕು. ತರಗತಿ ಬದಲಿಸುವುದು, ಹಾಸ್ಟೆಲ್ ಕೋಣೆ ಬದಲಿಸುವುದು, ಪರೀಕ್ಷೆ ಮುಂದೂಡುವುದು, ಇಬ್ಬರೂ ಪರಸ್ಪರ ಸಂಪರ್ಕಿಸದಂತೆ ಸೂಚಿಸುವುದು, ಹೀಗೆ. ಸಹಿ ಹಾಕಿದ ದೂರು ಬಂದರೆ ಆರೋಪಿಗೆ ಲಿಖಿತ ಸೂಚನೆ ಹೋಗುತ್ತದೆ. ತನಿಖೆಯಲ್ಲಿ ಸಿಕ್ಕ ಸಾಕ್ಷ್ಯಗಳನ್ನು ಇಬ್ಬರಿಗೂ ತೋರಿಸಿ ಉತ್ತರಿಸಲು 10 ದಿನ ಕೊಡಬೇಕು. ಆಮೇಲೆ ನೇರ ವಿಚಾರಣೆ. ಅಲ್ಲಿ ಪಾಟೀಸವಾಲು ಇರುತ್ತದೆ. ಆದರೆ ಆರೋಪಿಯೇ ದೂರುದಾರರನ್ನು ಪ್ರಶ್ನಿಸುವಂತಿಲ್ಲ. ಇಬ್ಬರ ಪರವಾಗಿ ಸಲಹೆಗಾರರು ಪ್ರಶ್ನೆ ಕೇಳುತ್ತಾರೆ. ತನಿಖೆ ಮಾಡಿದವರೇ ತೀರ್ಪು ಕೊಡುವಂತಿಲ್ಲ. ತೀರ್ಮಾನ ಬರುವವರೆಗೆ ಆರೋಪಿ ತಪ್ಪಿತಸ್ಥನಲ್ಲ ಎಂದೇ ಭಾವಿಸಬೇಕು. ಮೇಲ್ಮನವಿಗೆ ಇಬ್ಬರಿಗೂ ಹಕ್ಕಿದೆ.

ಇದು ಕ್ರಿಮಿನಲ್ ಕೇಸ್ ಅಲ್ಲ ಎಂಬುದನ್ನು ನೆನಪಿಡಬೇಕು. ವಿಶ್ವವಿದ್ಯಾಲಯ ಯಾರನ್ನೂ ಜೈಲಿಗೆ ಕಳಿಸುವುದಿಲ್ಲ. ಹೆಚ್ಚೆಂದರೆ ಹೊರಹಾಕಬಹುದು. ಪೊಲೀಸ್ ತನಿಖೆ ಬೇರೆ ದಾರಿ, ಎರಡೂ ಒಟ್ಟಿಗೆ ನಡೆಯಬಹುದು. ನಮ್ಮಲ್ಲಿ 2013ರ ಕಾಯಿದೆ ಮತ್ತು 2015ರ ಯುಜಿಸಿ ನಿಯಮಗಳಂತೆ ಕಾಲೇಜುಗಳಲ್ಲಿ ಇರಬೇಕಾದ ಆಂತರಿಕ ದೂರು ಸಮಿತಿಯ ಕೆಲಸವೂ ಹೆಚ್ಚುಕಡಿಮೆ ಇದೇ ಬಗೆಯದು. ಪೊಲೀಸ್ ಠಾಣೆಗೆ ಅದು ಬದಲಿ ಅಲ್ಲ.

ಕಿವಿಗೆ ಬಿದ್ದ ಮೇಲೆ

ಪೆನ್ ಸ್ಟೇಟ್‌ನಲ್ಲಿ 2001ರಲ್ಲಿ ನಡೆದದ್ದನ್ನು ಹಂತ ಹಂತವಾಗಿ ನೋಡಿದರೆ ದೂರು ಹೇಗೆ ಸವೆಯುತ್ತದೆ ಎಂದು ಗೊತ್ತಾಗುತ್ತದೆ. ಮಾಜಿ ಸಹಾಯಕ ಕೋಚ್ ಜೆರ್ರಿ ಸ್ಯಾಂಡಸ್ಕಿ ಆಟಗಾರರ ಸ್ನಾನದ ಮನೆಯಲ್ಲಿ ಒಬ್ಬ ಹುಡುಗನ ಜೊತೆ ಇದ್ದುದನ್ನು ತಂಡದ ಯುವ ಸಹಾಯಕನೊಬ್ಬ ಕಂಡ. ಅವನು ಮರುದಿನ ಮುಖ್ಯ ಕೋಚ್ ಜೋ ಪಟರ್ನೊಗೆ ಹೇಳಿದ. ಪಟರ್ನೊ ಕ್ರೀಡಾ ನಿರ್ದೇಶಕರಿಗೆ ಹೇಳಿದರು. ವಿಷಯ ಕ್ಯಾಂಪಸ್ ಪೊಲೀಸರ ಮೇಲ್ವಿಚಾರಣೆ ಇದ್ದ ಉಪಾಧ್ಯಕ್ಷರಿಗೆ, ಅಲ್ಲಿಂದ ಅಧ್ಯಕ್ಷ ಗ್ರಹಾಂ ಸ್ಪಾನಿಯರ್‌ಗೆ ಹೋಯಿತು. ಮಕ್ಕಳನ್ನು ಕ್ಯಾಂಪಸ್‌ಗೆ ಕರೆತರಬೇಡ ಎಂದು ಸ್ಯಾಂಡಸ್ಕಿಗೆ ಹೇಳಿದರು. ಪೊಲೀಸರಿಗೆ ಮಾತ್ರ ಯಾರೂ ಹೇಳಲಿಲ್ಲ. ಆ ಹುಡುಗ ಯಾರು ಎಂದೂ ಯಾರೂ ಹುಡುಕಲಿಲ್ಲ.

ಹತ್ತು ವರ್ಷ ಕಳೆಯಿತು. 2011ರ ನವೆಂಬರ್‌ನಲ್ಲಿ ಸ್ಯಾಂಡಸ್ಕಿಯ ಬಂಧನವಾಯಿತು. ಮರುವರ್ಷ 45 ಆರೋಪಗಳು ಸಾಬೀತಾಗಿ 30ರಿಂದ 60 ವರ್ಷ ಶಿಕ್ಷೆಯಾಯಿತು. ಪಟರ್ನೊರನ್ನು ಕೆಲಸದಿಂದ ತೆಗೆದ ರಾತ್ರಿ ಸಾವಿರಾರು ವಿದ್ಯಾರ್ಥಿಗಳು ಬೀದಿಗಿಳಿದರು, ಟಿವಿ ವಾಹನವೊಂದನ್ನು ಉರುಳಿಸಿದರು. ಅವರು ಗಲಾಟೆ ಮಾಡಿದ್ದು ಕೋಚ್‌ಗಾಗಿ. 2017ರಲ್ಲಿ ಕ್ರೀಡಾ ನಿರ್ದೇಶಕ ಮತ್ತು ಉಪಾಧ್ಯಕ್ಷ ತಪ್ಪೊಪ್ಪಿಕೊಂಡರು. ಸ್ಪಾನಿಯರ್ ಮೇಲಿನ ಒಂದು ಆರೋಪ ಜ್ಯೂರಿ ಮುಂದೆ ಸಾಬೀತಾಯಿತು. ಮೂವರದ್ದೂ ಮಕ್ಕಳನ್ನು ಅಪಾಯಕ್ಕೆ ಒಡ್ಡಿದ ಅಪರಾಧ.

ಹುಡುಗರೂ ಇದಕ್ಕೆ ತುತ್ತಾಗುತ್ತಾರೆ ಎಂಬುದನ್ನು ನಾವು ಮರೆಯುತ್ತೇವೆ. ಒಹಾಯೋ ಸ್ಟೇಟ್‌ನಲ್ಲಿ ರಿಚರ್ಡ್ ಸ್ಟ್ರಾಸ್ ಎಂಬ ವೈದ್ಯ ಎರಡು ದಶಕ ಕೆಲಸ ಮಾಡಿದ. ಕನಿಷ್ಠ 177 ವಿದ್ಯಾರ್ಥಿಗಳ ಮೇಲೆ ದೌರ್ಜನ್ಯ ನಡೆಸಿದ್ದ ಎಂದು 2019ರ ವರದಿ ಹೇಳಿತು. ಅವರಲ್ಲಿ ಅನೇಕರು ಕುಸ್ತಿಪಟುಗಳು, ಗಟ್ಟಿಮುಟ್ಟಾದ ಯುವಕರು. ಸಿಬ್ಬಂದಿಗೆ 1979ರಷ್ಟು ಹಿಂದೆಯೇ ಸುಳಿವಿತ್ತು. ಸ್ಟ್ರಾಸ್ 2005ರಲ್ಲಿ ಸತ್ತ, ಒಂದು ದಿನವೂ ಕೋರ್ಟಿನಲ್ಲಿ ನಿಲ್ಲಲಿಲ್ಲ. ಮಿಶಿಗನ್ ವಿಶ್ವವಿದ್ಯಾಲಯದಲ್ಲಿ ರಾಬರ್ಟ್ ಆಂಡರ್ಸನ್ ಎಂಬ ಇನ್ನೊಬ್ಬ ವೈದ್ಯನ ವಿಚಾರದಲ್ಲಿ 2022ರಲ್ಲಿ 49 ಕೋಟಿ ಡಾಲರ್‌ಗಳ ಒಪ್ಪಂದವಾಯಿತು. ಸುಮಾರು 1,050 ಜನರಿಗೆ ಆ ಪರಿಹಾರ. ತಂಡದ ಡಾಕ್ಟರ್ ಒಪ್ಪಿಗೆ ಕೊಡದಿದ್ದರೆ ಆಡುವಂತಿಲ್ಲ. ಹಾಗಿರುವಾಗ 'ಆ ಡಾಕ್ಟರ್ ಹತ್ತಿರ ಹೋಗಲ್ಲ' ಎನ್ನುವ ಆಯ್ಕೆ ಆಟಗಾರರಿಗೆ ಎಲ್ಲಿತ್ತು?

ಇನ್ನು ಎನ್‌ಸಿಎಎ, ಅಂದರೆ ಕಾಲೇಜು ಕ್ರೀಡೆಗಳ ರಾಷ್ಟ್ರೀಯ ಸಂಸ್ಥೆ. ಆಟಗಾರನಿಗೆ ಯಾರಾದರೂ ಪುಕ್ಕಟೆ ಊಟ ಕೊಡಿಸಿದರೂ ತನಿಖೆ ಮಾಡುತ್ತಿದ್ದ ಸಂಸ್ಥೆ ಇದು. ಪೆನ್ ಸ್ಟೇಟ್‌ಗೆ 2012ರಲ್ಲಿ 6 ಕೋಟಿ ಡಾಲರ್ ದಂಡ ಹಾಕಿತು, ಹಳೆಯ ಗೆಲುವುಗಳನ್ನು ದಾಖಲೆಯಿಂದ ಅಳಿಸಿತು. ಅಷ್ಟು ಅಧಿಕಾರ ಎಲ್ಲಿಂದ ಬಂತು ಎಂಬ ಜಗಳ ಕೋರ್ಟಿಗೆ ಹೋಯಿತು, 2015ರಲ್ಲಿ ಗೆಲುವುಗಳನ್ನು ವಾಪಸ್ ಕೊಡಬೇಕಾಯಿತು. ಬೇಲರ್ ಸರದಿ ಬಂದಾಗ ಅದು ಪೂರ್ತಿ ಹಿಂದೆ ಸರಿದಿತ್ತು. ಅಲ್ಲಿನ ವೈಫಲ್ಯ ಎಷ್ಟೇ ಗಂಭೀರವಾದರೂ ತನ್ನ ನಿಯಮಗಳ ಉಲ್ಲಂಘನೆ ಅಲ್ಲ ಎಂಬ ಬೇಲರ್ ವಾದವನ್ನು ಬಹಳ ಹಿಂಜರಿಕೆಯಿಂದಲೇ ಒಪ್ಪುತ್ತಿದ್ದೇವೆ ಎಂದು 2021ರಲ್ಲಿ ಅದರ ಸಮಿತಿ ಬರೆಯಿತು. ಬೇರೆ ಕೆಲವು ತಪ್ಪುಗಳಿಗಾಗಿ ಬೇಲರ್‌ಗೆ ಬಿದ್ದ ದಂಡದಲ್ಲಿ ನಗದು ಭಾಗ 5,000 ಡಾಲರ್. ಆ ವಾಕ್ಯ ಓದಿದ ಸಂತ್ರಸ್ತರಿಗೆ ಏನನ್ನಿಸಿರಬಹುದು ಎಂದು ಯೋಚಿಸಿದರೆ ಸಂಕಟವಾಗುತ್ತದೆ.

ಈಗ ಎನ್‌ಸಿಎಎ ನಿಯಮದಂತೆ ಆಟಗಾರರು ಲೈಂಗಿಕ ಅಥವಾ ಇತರ ಹಿಂಸೆಯ ವಿಚಾರದಲ್ಲಿ ತಮ್ಮ ಮೇಲೆ ತನಿಖೆ ಇತ್ತೇ, ಶಿಕ್ಷೆಯಾಗಿತ್ತೇ ಎಂದು ಪ್ರತಿ ವರ್ಷ ತಿಳಿಸಬೇಕು. ಹೊಸ ಸಂಸ್ಥೆ ಹಳೆಯ ಸಂಸ್ಥೆಯನ್ನು ವಿಚಾರಿಸಬೇಕು. ಒಂದು ಕಡೆ ಆರೋಪ ಬಂದ ಕೂಡಲೇ ಸದ್ದಿಲ್ಲದೆ ಇನ್ನೊಂದು ಕಡೆಗೆ ಹೋಗಿ ಆಡುವುದನ್ನು ತಡೆಯಲು ಇದು. ಆದರೆ ಇಂಥವರನ್ನು ಆಡಿಸಲೇಬಾರದು ಎಂಬ ರಾಷ್ಟ್ರಮಟ್ಟದ ನಿಷೇಧ ಇದಲ್ಲ. ಮಾಹಿತಿ ಕೈಗೆ ಬಂದ ಮೇಲೆ ಏನು ಮಾಡಬೇಕು ಎಂಬುದು ಆಯಾ ಸಂಸ್ಥೆಗೆ ಬಿಟ್ಟಿದ್ದು.

ಆರೋಪಿಯ ಹಕ್ಕೂ ಇದೆ

ಸಂಸ್ಥೆಗಳು ಇನ್ನೊಂದು ದಿಕ್ಕಿನಲ್ಲೂ ಎಡವಿವೆ. 2006ರಲ್ಲಿ ಡ್ಯೂಕ್ ವಿಶ್ವವಿದ್ಯಾಲಯದ ಲಕ್ರಾಸ್ ಎಂಬ ಆಟದ ತಂಡದ ಮೂವರು ಆಟಗಾರರ ಮೇಲೆ ಅತ್ಯಾಚಾರದ ಆರೋಪ ಬಂತು. ಸಂಸ್ಥೆ ಆ ಋತುವಿನ ಉಳಿದ ಪಂದ್ಯಗಳನ್ನು ರದ್ದು ಮಾಡಿತು, ಕೋಚ್ ಹೊರಹೋಗಬೇಕಾಯಿತು. 2007ರಲ್ಲಿ ರಾಜ್ಯದ ಅಟಾರ್ನಿ ಜನರಲ್ ಮೂವರೂ ನಿರಪರಾಧಿಗಳು ಎಂದು ಘೋಷಿಸಿದರು. ಪ್ರಕರಣ ನಡೆಸಿದ ಸರ್ಕಾರಿ ವಕೀಲ ಮೈಕ್ ನೈಫಾಂಗ್ ವಕೀಲಿಕೆಯ ಪರವಾನಗಿಯನ್ನೇ ಕಳೆದುಕೊಂಡರು.

ಈ ಒಂದು ಪ್ರಕರಣ ಹಿಡಿದುಕೊಂಡು ಎಲ್ಲ ದೂರುಗಳೂ ಸುಳ್ಳು ಎನ್ನುವವರಿದ್ದಾರೆ. ಅದು ಅನ್ಯಾಯ. ಆದರೆ ಇದನ್ನು ಲೆಕ್ಕಕ್ಕೇ ತೆಗೆದುಕೊಳ್ಳದಿರುವುದೂ ಸರಿಯಲ್ಲ. ಅಲ್ಲಿ ಪುರಾವೆ ನೋಡುವ ಮೊದಲೇ ತೀರ್ಮಾನ ಆಗಿಹೋಗಿತ್ತು. ಬೇಲರ್‌ನಲ್ಲೂ ಆದದ್ದು ಅದೇ, ದಿಕ್ಕು ಮಾತ್ರ ಬೇರೆ. ಎರಡೂ ಕಡೆ ಬೇಕಿದ್ದದ್ದು ಕ್ರೀಡೆಯ ಒತ್ತಡಕ್ಕೂ ಸುದ್ದಿಯ ಒತ್ತಡಕ್ಕೂ ಬಗ್ಗದ, ತರಬೇತಿ ಪಡೆದ, ನಿಧಾನವಾಗಿ ಕೇಳಿಸಿಕೊಳ್ಳುವ ಒಬ್ಬ ತನಿಖಾಧಿಕಾರಿ.

ಈಚೆಗೆ ದುಡ್ಡು ಈ ಲೆಕ್ಕವನ್ನು ಇನ್ನಷ್ಟು ಕಠಿಣ ಮಾಡಿದೆ. 2021ರಿಂದ ಕಾಲೇಜು ಆಟಗಾರರು ತಮ್ಮ ಹೆಸರು ಮತ್ತು ಚಿತ್ರ ಬಳಸಿ ಜಾಹೀರಾತಿನಿಂದ ಹಣ ಗಳಿಸಬಹುದು. 2025ರಿಂದ ವಿಶ್ವವಿದ್ಯಾಲಯಗಳೇ ನೇರವಾಗಿ ಹಣ ಕೊಡಬಹುದು. ಹಾಗಾಗಿ ಅಮಾನತು ಎಂದರೆ ಪಂದ್ಯ ತಪ್ಪುವುದಷ್ಟೇ ಅಲ್ಲ, ಆದಾಯವೂ ತಪ್ಪುತ್ತದೆ. 2023ರ ಕೊನೆಯಲ್ಲಿ ಇಲಿನಾಯ್ ವಿಶ್ವವಿದ್ಯಾಲಯ ಅತ್ಯಾಚಾರದ ಆರೋಪ ಎದುರಿಸುತ್ತಿದ್ದ ತನ್ನ ಬ್ಯಾಸ್ಕೆಟ್‌ಬಾಲ್ ತಾರೆಯನ್ನು ಅಮಾನತು ಮಾಡಿತು. ಅವನು ಕೋರ್ಟಿಗೆ ಹೋದ. ಗಳಿಕೆ ಮತ್ತು ಮುಂದಿನ ವೃತ್ತಿಗೆ ಆಗುವ ನಷ್ಟವನ್ನು ಗಮನಿಸಿ, ಸರಿಯಾದ ವಿಚಾರಣೆ ಇಲ್ಲದೆ ಹೀಗೆ ಹೊರಗಿಡುವಂತಿಲ್ಲ ಎಂದು ಫೆಡರಲ್ ನ್ಯಾಯಾಧೀಶರು 2024ರ ಜನವರಿಯಲ್ಲಿ ತಡೆ ಕೊಟ್ಟರು. ಅವನು ಋತುವಿನ ಉಳಿದ ಪಂದ್ಯಗಳಲ್ಲಿ ಆಡಿದ. ಜೂನ್‌ನಲ್ಲಿ ಕಾನ್ಸಸ್‌ನ ಜ್ಯೂರಿ ಅವನನ್ನು ನಿರ್ದೋಷಿ ಎಂದಿತು. ಅವನಷ್ಟು ಗಳಿಸದ, ವಕೀಲರನ್ನು ಇಡಲಾಗದ ಸಾಮಾನ್ಯ ವಿದ್ಯಾರ್ಥಿಗೆ ಇಂಥ ರಕ್ಷಣೆ ಅಷ್ಟು ಬೇಗ ಸಿಗುತ್ತಿತ್ತಾ? ದೂರುದಾರರ ವಿಚಾರದಲ್ಲೂ ಇದೇ ಪ್ರಶ್ನೆ ಕೇಳಬೇಕು.

ಹೊರಗಿನವರಿಗೆ ಎಷ್ಟು ಕಾಣುತ್ತದೆ

ಯಾವುದೇ ಪ್ರಕರಣದಲ್ಲಿ ಪತ್ರಕರ್ತರು ಕೇಳಿದಾಗ ವಿಶ್ವವಿದ್ಯಾಲಯಗಳು 1974ರ ವಿದ್ಯಾರ್ಥಿ ಗೋಪ್ಯತೆಯ ಕಾನೂನನ್ನು ತೋರಿಸುತ್ತವೆ. ಹಿಂಸೆಯ ಅಪರಾಧದಲ್ಲಿ ತಪ್ಪು ಸಾಬೀತಾದಾಗ ಅಂತಿಮ ಫಲಿತಾಂಶ ಬಹಿರಂಗಪಡಿಸಲು ಆ ಕಾನೂನೇ ಅವಕಾಶ ಕೊಡುತ್ತದೆ. ಅದನ್ನು ಬಳಸುವ ಮನಸ್ಸು ಮಾತ್ರ ಕಡಿಮೆ. ಇನ್ನೊಂದು ಗುರಾಣಿ ವಕೀಲರ ಜೊತೆಗಿನ ಮಾತುಕತೆ ಗೋಪ್ಯ ಎಂಬುದು. ನಾಸರ್ ಪ್ರಕರಣದ 6,000ಕ್ಕೂ ಹೆಚ್ಚು ದಾಖಲೆಗಳನ್ನು ಮಿಶಿಗನ್ ಸ್ಟೇಟ್ ಇದೇ ಕಾರಣ ಕೊಟ್ಟು ವರ್ಷಗಟ್ಟಲೆ ಹಿಡಿದಿಟ್ಟುಕೊಂಡಿತ್ತು. ಬಿಡುಗಡೆಗೆ ಆಡಳಿತ ಮಂಡಳಿ ಒಪ್ಪಿದ್ದು 2023ರ ಡಿಸೆಂಬರ್‌ನಲ್ಲಿ. ಅಷ್ಟರೊಳಗೆ ಹಂಗಾಮಿ ಅಧ್ಯಕ್ಷ ಜಾನ್ ಎಂಗ್ಲರ್ ಬಂದು ಹೋಗಿದ್ದರು. ಸಂತ್ರಸ್ತರಲ್ಲಿ ಕೆಲವರು ಪ್ರಚಾರವನ್ನು ಆನಂದಿಸುತ್ತಿದ್ದಾರೆ ಎಂಬ ಮಾತಾಡಿ ಅವರು 2019ರಲ್ಲಿ ಹುದ್ದೆ ಬಿಡಬೇಕಾಯಿತು.

ಸಂಸ್ಥೆ ಸರಿಯಾಗಿ ನಡೆದುಕೊಳ್ಳದಿದ್ದರೆ ಅದರ ಮೇಲಿನ ದೂರು ಹೋಗುವುದು ಶಿಕ್ಷಣ ಇಲಾಖೆಯ ನಾಗರಿಕ ಹಕ್ಕುಗಳ ಕಚೇರಿಗೆ. 2025ರ ಮಾರ್ಚ್‌ನಲ್ಲಿ ಇಲಾಖೆಯ ಸುಮಾರು ಅರ್ಧದಷ್ಟು ಸಿಬ್ಬಂದಿಯನ್ನು ಕಡಿತಗೊಳಿಸುವ ಘೋಷಣೆಯಾಯಿತು. ಈ ಕಚೇರಿಯ 12 ಪ್ರಾದೇಶಿಕ ಶಾಖೆಗಳಲ್ಲಿ 7ನ್ನು ಮುಚ್ಚುವುದೂ ಅದರಲ್ಲಿ ಸೇರಿತ್ತು. ಕಾನೂನು ಹಾಗೇ ಇದ್ದರೂ ಅದನ್ನು ಜಾರಿ ಮಾಡುವ ಕೈಗಳು ಕಡಿಮೆಯಾದರೆ, ಕೋರ್ಟಿಗೆ ಹೋಗುವ ಶಕ್ತಿ ಇಲ್ಲದವರಿಗೇ ಅದರ ಪೆಟ್ಟು ಜಾಸ್ತಿ.

ಕರ್ನಾಟಕದಿಂದಲೂ ಸಾಕಷ್ಟು ಮಕ್ಕಳು ಆ ಕ್ಯಾಂಪಸ್‌ಗಳಿಗೆ ಓದಲು ಹೋಗುತ್ತಾರೆ. ಅವರಿಗೂ ಅವರ ಮನೆಯವರಿಗೂ ಗೊತ್ತಿರಬೇಕಾದ ಕೆಲವು ವಿಷಯಗಳಿವೆ. ಟೈಟಲ್ ನೈನ್ ಪೌರತ್ವ ನೋಡುವುದಿಲ್ಲ, ವಿದ್ಯಾರ್ಥಿ ವೀಸಾದಲ್ಲಿ ಇರುವವರಿಗೂ ಅದೇ ಹಕ್ಕು. ಹೆಚ್ಚಿನ ಸಂಸ್ಥೆಗಳಲ್ಲಿ ಕೋಚ್, ಪ್ರೊಫೆಸರ್, ಹಾಸ್ಟೆಲ್ ಸಹಾಯಕ ಇವರಿಗೆ ಹೇಳಿದರೆ ಅವರು ಅದನ್ನು ಟೈಟಲ್ ನೈನ್ ಕಚೇರಿಗೆ ತಿಳಿಸಲೇಬೇಕು. ಮನಸ್ಸು ಗಟ್ಟಿಯಾಗುವವರೆಗೆ ಗುಟ್ಟಾಗಿ ಮಾತಾಡಬೇಕು ಎಂದರೆ ಕ್ಯಾಂಪಸ್‌ನ ಆಪ್ತಸಮಾಲೋಚಕರ ಹತ್ತಿರ ಹೋಗಬಹುದು, ಅವರು ಹಾಗೆ ದಾಟಿಸುವುದಿಲ್ಲ. ವೈದ್ಯಕೀಯ ಪರೀಕ್ಷೆ ತಡಮಾಡಬಾರದು, ಸಾಕ್ಷ್ಯ ಸಾಮಾನ್ಯವಾಗಿ 5 ದಿನಗಳೊಳಗೆ ಸಂಗ್ರಹಿಸಬೇಕಾಗುತ್ತದೆ. ಸಾಕ್ಷ್ಯ ಸಂಗ್ರಹದ ಆ ಪರೀಕ್ಷೆಗೆ ದುಡ್ಡು ಕೊಡಬೇಕಿಲ್ಲ, ಪೊಲೀಸರಿಗೆ ದೂರು ಕೊಡಲೇಬೇಕು ಎಂದೂ ಇಲ್ಲ. ಬಾಯಿಮಾತಿನಲ್ಲಿ ಹೇಳಿದ್ದರೂ ಟೈಟಲ್ ನೈನ್ ಸಂಯೋಜಕರಿಗೆ ಒಂದು ಇಮೇಲ್ ಕಳಿಸಿಬಿಡಿ. ಯಾವ ದಿನ, ಯಾರಿಗೆ, ಏನು ತಿಳಿಸಿದಿರಿ ಎಂಬುದು ಅಲ್ಲಿ ಬರಹದಲ್ಲಿರುತ್ತದೆ, ನಾಳೆ 'ನಮಗೆ ಗೊತ್ತಿರಲಿಲ್ಲ' ಎನ್ನಲು ಅವರಿಗಾಗುವುದಿಲ್ಲ. ನಾಗರಿಕ ಹಕ್ಕುಗಳ ಕಚೇರಿಗೆ ದೂರು ಕೊಡಲು ಸಾಮಾನ್ಯವಾಗಿ ಇರುವ ಗಡುವು 180 ದಿನ.